ಗರಗಸ ಮೀನು (ಕರ್ನಾಟಕ ಕರಾವಳಿ)

ಗರಗಸ ಮೀನು ಪ್ರಿಸ್ಟಿಡೇ ಕುಟುಂಬಕ್ಕೆ ಸೇರಿದ ದೊಡ್ಡ ಕಡಲ ಮೀನು. ಮೂತಿಯು ಚಪ್ಪಟೆಯಾಗಿ ಮುಂದಕ್ಕೆ ಚಾಚಿಕೊಂಡು, ಅದರ ಎರಡೂ ಅಂಚುಗಳಲ್ಲಿ ಹಲ್ಲುಗಳಿರುವುದರಿಂದ ಈ ಹೆಸರು ಬಂದಿದೆ. ಜಗತ್ತಿನಲ್ಲಿ ಇದರ ಐದು ಪ್ರಭೇದಗಳಿವೆ. ಒಂದು ಕಾಲಕ್ಕೆ ಭಾರತದ ಎರಡೂ ಕರಾವಳಿಗಳ ಮೀನುಗಾರರಿಗೆ ಪರಿಚಿತವಾಗಿದ್ದ ಈ ಪ್ರಾಣಿ ಇಂದು ಕರ್ನಾಟಕದ ಸುಮಾರು 320 ಕಿ.ಮೀ. ಉದ್ದದ ಕರಾವಳಿಯಲ್ಲಿ ಅತಿ ವಿರಳ. 2021ರ ಮಾರ್ಚ್ ತಿಂಗಳಲ್ಲಿ ಮಲ್ಪೆಯಲ್ಲಿ ಒಂದೇ ಒಂದು ಮೀನು ಬಲೆಗೆ ಬಿದ್ದದ್ದು ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಬಳ್ಳಾರಿ, ಸಿರುಗುಪ್ಪದಂತಹ ಬಯಲುಸೀಮೆಯ ಊರುಗಳ ವಿದ್ಯಾರ್ಥಿಗಳು ಇದನ್ನು ಚಿತ್ರದಲ್ಲಷ್ಟೇ ಕಂಡವರು. ಈಗ ಕಡಲ ದಂಡೆಯ ಮಕ್ಕಳ ಪಾಡೂ ಹೆಚ್ಚುಕಡಿಮೆ ಅದೇ ಆಗಿದೆ.

ಸ್ವರೂಪ

ಇದನ್ನು ಶಾರ್ಕ್ ಎಂದು ಬರೆಯುವ ರೂಢಿಯಿದೆ, ಅದು ತಪ್ಪು. ಕಿವಿರು ಸೀಳುಗಳು ದೇಹದ ಅಡಿಭಾಗದಲ್ಲಿರುವುದರಿಂದ ಇದು ತೊರಕೆ ಮೀನುಗಳ ಬಳಗಕ್ಕೆ ಸೇರುತ್ತದೆ. ದೊಡ್ಡ ಪ್ರಭೇದಗಳು 6 ಮೀಟರಿಗೂ ಹೆಚ್ಚು ಉದ್ದ ಬೆಳೆಯಬಲ್ಲವು. ಗರಗಸದ ಮೇಲಿರುವ ಸೂಕ್ಷ್ಮ ರಂಧ್ರಗಳು ಇತರ ಜೀವಿಗಳು ಹೊಮ್ಮಿಸುವ ಕ್ಷೀಣ ವಿದ್ಯುತ್ತನ್ನು ಗ್ರಹಿಸುತ್ತವೆ. ಕದಡಿದ ನೀರಿನಲ್ಲಿಯೂ ಬೇಟೆಯನ್ನು ಪತ್ತೆಹಚ್ಚಿ, ಅದೇ ಗರಗಸವನ್ನು ಬೀಸಿ ಹೊಡೆದು ಹಿಡಿಯಲು ಇದರಿಂದ ಸಾಧ್ಯವಾಗುತ್ತದೆ. ಬುಡಸಹಿತ ಕಿತ್ತುಹೋದ ಗರಗಸದ ಹಲ್ಲು ಮತ್ತೆ ಹುಟ್ಟುವುದಿಲ್ಲ.

ಕಣ್ಮರೆಗೆ ಕಾರಣಗಳು

ಬೇಟೆಗೆ ನೆರವಾಗುವ ಗರಗಸವೇ ಈ ಮೀನಿಗೆ ಮುಳುವಾಯಿತು. ಯಾವ ಬಗೆಯ ಬಲೆಯೇ ಇರಲಿ, ಹಲ್ಲುಗಳು ಕಣ್ಣಿಗಳಿಗೆ ಸಿಕ್ಕಿಕೊಂಡರೆ ಬಿಡಿಸಿಕೊಳ್ಳುವುದು ಬಹು ಕಷ್ಟ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಟ್ರಾಲ್ ದೋಣಿಗಳೂ ನೈಲಾನ್ ಬಲೆಗಳೂ ಹೆಚ್ಚಿದಂತೆ, ಕಡಲ ತಳಕ್ಕೆ ಸಮೀಪದಲ್ಲಿ ಬದುಕುವ ಈ ಮೀನಿಗೆ ಅಪಾಯವೂ ಹೆಚ್ಚಿತು. ರೆಕ್ಕೆ, ಮಾಂಸಗಳಿಗೆ ಬೆಲೆಯಿತ್ತು. ಗರಗಸವು ಅಲಂಕಾರದ ವಸ್ತುವಾಗಿ ಗೋಡೆ ಸೇರುತ್ತಿತ್ತು.

ಇದರ ಸಂತಾನವೃದ್ಧಿಯೂ ನಿಧಾನ. ಇದು ಮರಿ ಹಾಕುವ ಮೀನು. ಒಂದು ಸೂಲಿಗೆ ಹುಟ್ಟುವ ಮರಿಗಳು ಕೆಲವೇ. ಅವು ಪ್ರಾಯಕ್ಕೆ ಬರಲು ಹಲವು ವರ್ಷಗಳು ಬೇಕು. ಕರ್ನಾಟಕದಲ್ಲಿ ಜೂನ್ 1ರಿಂದ 61 ದಿನಗಳ ಕಾಲ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಬೇಗ ಬೆಳೆದು ಹೇರಳವಾಗಿ ಮೊಟ್ಟೆಯಿಡುವ ಬೂತಾಯಿ, ಬಂಗುಡೆಗಳಿಗೆ ಈ ಬಿಡುವು ನೆರವಾಗಬಹುದು. ಗರಗಸ ಮೀನಿಗೆ ಇಷ್ಟು ಸಾಲದು. ಮರಿಗಳು ಆಶ್ರಯಿಸುವ ಅಳಿವೆಗಳು ಮತ್ತು ಕಾಂಡ್ಲಾ ಕಾಡುಗಳು ಹಲವೆಡೆ ಒತ್ತುವರಿಗೂ ಮಾಲಿನ್ಯಕ್ಕೂ ಒಳಗಾಗಿರುವುದು ಇನ್ನೊಂದು ಪೆಟ್ಟು.

ಸಂರಕ್ಷಣೆ

2001ರಲ್ಲಿ ಗರಗಸ ಮೀನನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಗೆ ಸೇರಿಸಲಾಯಿತು. ಇದನ್ನು ಹಿಡಿಯುವುದೂ ಮಾರುವುದೂ ಅಪರಾಧ. ಅಂತರರಾಷ್ಟ್ರೀಯ ವ್ಯಾಪಾರದ ಮೇಲಿನ ಸೈಟಿಸ್ ಒಪ್ಪಂದದ ಕಟ್ಟುನಿಟ್ಟಿನ ಮೊದಲ ಪಟ್ಟಿಗೆ 2007ರಲ್ಲಿ ಬಹುತೇಕ ಪ್ರಭೇದಗಳೂ, 2013ರಲ್ಲಿ ಉಳಿದದ್ದೂ ಸೇರಿದವು.

ಆದರೆ ಬಲೆಯು ಮೀನನ್ನು ಆರಿಸಿ ಹಿಡಿಯುವುದಿಲ್ಲ. ಸಿಕ್ಕಿಕೊಂಡ ಮೀನನ್ನು ಜೀವಂತವಾಗಿ ಬಿಡಬೇಕಾದರೆ ಸಾಮಾನ್ಯವಾಗಿ ಬಲೆಯನ್ನೇ ಕತ್ತರಿಸಬೇಕು, ಆ ನಷ್ಟ ಮೀನುಗಾರನದು. ನೆರೆಯ ಮಹಾರಾಷ್ಟ್ರವು ಸಂರಕ್ಷಿತ ಕಡಲ ಪ್ರಾಣಿಗಳನ್ನು ಬಿಡಿಸಲು ಬಲೆ ಕತ್ತರಿಸಿದವರಿಗೆ 25,000 ರೂಪಾಯಿಗಳವರೆಗೆ ಪರಿಹಾರ ಕೊಡುವ ಯೋಜನೆಯನ್ನು 2018ರಲ್ಲಿ ಜಾರಿಗೆ ತಂದಿತು.