ನವಜಾತ ಶಿಶುಗಳ ಸೋಂಕು ಮತ್ತು ರಕ್ತಸೂಚಕಗಳು: ಒಂದು ಚಾರಿತ್ರಿಕ ಅವಲೋಕನ

ನವಜಾತ ಶಿಶುವಿನ ರಕ್ತದಲ್ಲಿ ಸೋಂಕು ಹರಡಿದಾಗ ತೋರುವ ಲಕ್ಷಣಗಳು ಅಸ್ಪಷ್ಟವಾದವು. ಹಾಲು ಕುಡಿಯದಿರುವುದು, ಮೈ ತಣ್ಣಗಾಗುವುದು, ಉಸಿರಾಟದ ಏರುಪೇರು ಇವೆಲ್ಲ ಅನ್ಯ ಕಾರಣಗಳಿಂದಲೂ ಸಂಭವಿಸುತ್ತವೆ. ರಕ್ತದ ಕಲ್ಚರ್ ಪರೀಕ್ಷೆಯ ಫಲಿತಾಂಶಕ್ಕೆ ಒಂದೆರಡು ದಿನ ಕಾಯಬೇಕು; ಅಷ್ಟರಲ್ಲಿ ಮಗುವಿನ ಪ್ರಾಣಕ್ಕೇ ಸಂಚಕಾರ ಒದಗಬಹುದು. ಈ ಅವಧಿಯಲ್ಲಿ ವೈದ್ಯರಿಗೆ ಆಧಾರವೊಂದನ್ನು ಒದಗಿಸುವ ಪ್ರಯತ್ನವಾಗಿ ರಕ್ತಸೂಚಕಗಳು ಬಳಕೆಗೆ ಬಂದವು.

ಇವುಗಳಲ್ಲಿ ಪ್ರಮುಖವಾದ ಸಿ-ರಿಯಾಕ್ಟಿವ್ ಪ್ರೋಟೀನ್ ಪತ್ತೆಯಾದದ್ದು ಶಿಶುಗಳ ಅಧ್ಯಯನದಿಂದಲ್ಲ. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ವಿಲಿಯಂ ಟಿಲೆಟ್ ಮತ್ತು ಥಾಮಸ್ ಫ್ರಾನ್ಸಿಸ್, ನ್ಯುಮೋನಿಯಾ ರೋಗಿಗಳ ರಕ್ತಸಾರವು ನ್ಯೂಮೋಕಾಕಸ್ ಬ್ಯಾಕ್ಟೀರಿಯದ ‘ಸಿ’ ಎಂಬ ಅಂಶದೊಡನೆ ಬೆರೆತು ಒತ್ತರಿಸುವುದನ್ನು ಕಂಡರು. ರೋಗಿ ಚೇತರಿಸಿಕೊಂಡಂತೆ ಆ ಗುಣ ಮರೆಯಾಗುತ್ತಿತ್ತು. 1941ರಲ್ಲಿ ಆಸ್ವಾಲ್ಡ್ ಏವರಿ ಮತ್ತು ಕಾಲಿನ್ ಮೆಕ್ಲಿಯಾಡ್ ಈ ಪ್ರೋಟೀನಿನ ಸ್ವರೂಪವನ್ನು ವಿವರಿಸಿದರು. 1947ರಲ್ಲಿ ಮ್ಯಾಕ್ಲಿನ್ ಮೆಕಾರ್ಟಿ ಅದನ್ನು ಹರಳುಗಟ್ಟಿಸಿದರು. ಆನುವಂಶಿಕತೆಯ ದ್ರವ್ಯ ಡಿಎನ್ಎ ಎಂಬುದನ್ನು 1944ರಲ್ಲಿ ತೋರಿಸಿದವರೂ ಇದೇ ಮೂವರು.

ಶಿಶುಚಿಕಿತ್ಸೆಯಲ್ಲಿ ಗಮನಾರ್ಹವಾದುದು 1980ರಲ್ಲಿ ಪ್ರಕಟವಾದ ಫಿಲಿಪ್ ಮತ್ತು ಹೆವಿಟ್ ಅವರ ಅಧ್ಯಯನ. ಬಿಳಿ ರಕ್ತಕಣಗಳ ಎಣಿಕೆ, ಬಲಿಯದ ನ್ಯೂಟ್ರೊಫಿಲ್‌ಗಳ ಪಾಲು, ಸಿ-ರಿಯಾಕ್ಟಿವ್ ಪ್ರೋಟೀನ್, ಹ್ಯಾಪ್ಟೊಗ್ಲೋಬಿನ್, ಸಣ್ಣ ನಳಿಕೆಯಲ್ಲಿ ಕೆಂಪುಕಣಗಳು ತಳಕ್ಕಿಳಿಯುವ ವೇಗ ಎಂಬ ಐದನ್ನು ಅವರು ಒಟ್ಟಿಗೆ ಪರಿಶೀಲಿಸಿದರು. ಎರಡು ಅಥವಾ ಹೆಚ್ಚು ಪರೀಕ್ಷೆಗಳು ಸೋಂಕನ್ನು ಸೂಚಿಸಿದಾಗ ಸೋಂಕಿರುವ ಸಂಭಾವ್ಯತೆ ಶೇ. 39 ಮಾತ್ರ, ಒಂದು ಮಾತ್ರ ಸೂಚಿಸಿದಾಗ ಅಥವಾ ಯಾವುದೂ ಸೂಚಿಸದಿದ್ದಾಗ ಸೋಂಕಿಲ್ಲದಿರುವ ಸಂಭಾವ್ಯತೆ ಶೇ. 99. ರೋಗವನ್ನು ಪತ್ತೆಹಚ್ಚಲೆಂದು ರೂಪುಗೊಂಡ ಪರೀಕ್ಷೆಗಳ ನಿಜವಾದ ಬಲ ರೋಗವನ್ನು ತಳ್ಳಿಹಾಕುವುದರಲ್ಲಿತ್ತು. ಭಾರತದ ನವಜಾತ ಶಿಶು ಘಟಕಗಳಲ್ಲಿ ರೂಢಿಗೆ ಬಂದ ‘ಸೆಪ್ಸಿಸ್ ಸ್ಕ್ರೀನ್’ ಸಹ ಇದೇ ಮಾದರಿಯದು.

ಸಿ-ರಿಯಾಕ್ಟಿವ್ ಪ್ರೋಟೀನ್ ಯಕೃತ್ತಿನಲ್ಲಿ ತಯಾರಾಗಿ ರಕ್ತದಲ್ಲಿ ಏರಲು ಹಲವು ಗಂಟೆಗಳು ಬೇಕಾಗುತ್ತವೆ. ಆದ್ದರಿಂದ ಮೊದಲ ಪರೀಕ್ಷೆಯೊಂದನ್ನೇ ನಂಬುವುದು ಅಪಾಯಕರ. 1993ರಲ್ಲಿ ಫ್ರಾನ್ಸಿನ ಸಂಶೋಧಕರು ಸೋಂಕಿನ ಸೂಚಕವೆಂದು ಗುರುತಿಸಿದ ಪ್ರೊಕ್ಯಾಲ್ಸಿಟೋನಿನ್ ಇದಕ್ಕಿಂತ ಬೇಗನೆ ಏರುತ್ತದೆ. ಆದರೆ ಜನನಾನಂತರದ ಮೊದಲ ಒಂದೆರಡು ದಿನ ಆರೋಗ್ಯವಂತ ಶಿಶುಗಳಲ್ಲೂ ಅದು ಸಹಜವಾಗಿಯೇ ಏರುವುದರಿಂದ, ಮಗುವಿನ ವಯಸ್ಸನ್ನು ಗಂಟೆಗಳಲ್ಲಿ ಲೆಕ್ಕಹಾಕಿ ಫಲಿತಾಂಶವನ್ನು ಅರ್ಥೈಸಬೇಕಾಗುತ್ತದೆ.

2017ರಲ್ಲಿ ಪ್ರಕಟವಾದ, ನಾಲ್ಕು ದೇಶಗಳ 1710 ಶಿಶುಗಳನ್ನೊಳಗೊಂಡ ಪ್ರಯೋಗದಲ್ಲಿ ಈ ಸೂಚಕವನ್ನು ಪ್ರತಿಜೀವಕ ಔಷಧವನ್ನು ಯಾವಾಗ ನಿಲ್ಲಿಸಬೇಕೆಂಬುದಕ್ಕೆ ಬಳಸಲಾಯಿತು. ಚಿಕಿತ್ಸೆಯ ಅವಧಿ 65 ಗಂಟೆಗಳಿಂದ ಸುಮಾರು 55ಕ್ಕೆ ಇಳಿಯಿತು. ಅದರಲ್ಲಿ ಸೋಂಕು ಮರುಕಳಿಸಿದ ಪ್ರಕರಣಗಳು ತೀರ ವಿರಳವಾಗಿದ್ದುದರಿಂದ, ಈ ಕಡಿತವು ಪೂರ್ಣ ಸುರಕ್ಷಿತವೆಂದು ಸಂಖ್ಯಾಶಾಸ್ತ್ರೀಯವಾಗಿ ಸಿದ್ಧಪಡಿಸಲು ಆ ಪ್ರಯೋಗಕ್ಕೆ ಸಾಧ್ಯವಾಗಲಿಲ್ಲ.