ಅಂಕೋಲೆಯಿಂದ ಮುಂಬಯಿಗೆ ಹೋದ ಜನಸೇವಕ

ಹುಟ್ಟಿದೂರನ್ನು ಬಿಟ್ಟು ಪರಸ್ಥಳಕ್ಕೆ ಹೋದವನಿಗೆ ಅಲ್ಲಿ ಅನ್ನ ದೊರೆಯಬಹುದು, ಆಶ್ರಯ ದೊರೆಯಬಹುದು. ಆದರೆ ಅಲ್ಲಿಯ ಜನರ ಸಭೆಯಲ್ಲಿ ಆಸನ ದೊರೆಯುವುದು ಸುಲಭವಲ್ಲ. ಅದು ಕುಲದಿಂದ ಬರತಕ್ಕದ್ದಲ್ಲ, ಧನದಿಂದ ಕೊಳ್ಳತಕ್ಕದ್ದೂ ಅಲ್ಲ, ಸೇವೆಯಿಂದಲೇ ಸಂಪಾದಿಸತಕ್ಕದ್ದು. ಅಂಕೋಲೆಯ ದಿನಕರ ದೇಸಾಯಿಯವರ ಜೀವಿತವು ಇದಕ್ಕೆ ನಿದರ್ಶನವಾಗಿರುವುದರಿಂದ ಅದನ್ನು ವಾಚಕರ ಮುಂದೆ ಸಂಕ್ಷೇಪವಾಗಿ ಇಡುತ್ತೇವೆ.

ಉತ್ತರ ಕನ್ನಡ ಜಿಲ್ಲೆಯು ೧೮೬೨ರಲ್ಲಿ ಮದ್ರಾಸ್ ಇಲಾಖೆಯಿಂದ ಮುಂಬಯಿ ಇಲಾಖೆಗೆ ಸೇರಿತು. ಕಾರವಾರವು ಜಿಲ್ಲೆಯ ಮುಖ್ಯಸ್ಥಳವಾಗಿದ್ದರೂ ಉಚ್ಚ ವಿದ್ಯೆಗೂ ಉದ್ಯೋಗಕ್ಕೂ ಅನೇಕರು ಮುಂಬಯಿಯನ್ನೇ ಆಶ್ರಯಿಸಬೇಕಾಯಿತು. ೧೯೦೯ರಲ್ಲಿ ಅಂಕೋಲೆ ತಾಲೂಕಿನ ಅಲಗೇರಿಯಲ್ಲಿ ಶಾಲಾ ಉಪಾಧ್ಯಾಯರೊಬ್ಬರ ಮಗನಾಗಿ ಜನಿಸಿದ ದೇಸಾಯಿಯವರೂ ಅದೇ ದಾರಿಯನ್ನು ಹಿಡಿದರು. ಎಂ.ಎ., ಎಲ್‌ಎಲ್.ಬಿ. ಪದವಿಗಳನ್ನು ಪಡೆದ ಅವರು ವಕೀಲಿಯಿಂದ ದ್ರವ್ಯಾರ್ಜನೆ ಮಾಡಬಹುದಾಗಿತ್ತು. ಹಾಗೆ ಮಾಡದೆ, ಗೋಪಾಲಕೃಷ್ಣ ಗೋಖಲೆಯವರು ೧೯೦೫ರಲ್ಲಿ ಪುಣೆಯಲ್ಲಿ ಸ್ಥಾಪಿಸಿದ ಭಾರತ ಸೇವಕ ಸಮಾಜವನ್ನು ಸೇರಿ, ಅಲ್ಪ ವೇತನದಲ್ಲಿ ಲೋಕಸೇವೆಯನ್ನು ಕೈಗೊಂಡರು.

ಮುಂಬಯಿಯಲ್ಲಿ ಅವರು ಹಡಗಿನ ಕೆಲಸಗಾರರನ್ನು ಸಂಘಟಿಸಿದರು. ಅವರ ಸ್ಥಿತಿಗತಿಗಳನ್ನು ಕುರಿತು ಇಂಗ್ಲಿಷಿನಲ್ಲಿ ಗ್ರಂಥವನ್ನೂ ರಚಿಸಿದರು. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಆ ನಾವಿಕರಲ್ಲಿ ಬಹುಮಂದಿ ದೇಸಾಯಿಯವರಂತೆಯೇ ಊರು ಬಿಟ್ಟು ಬಂದವರು. ಪರಸ್ಥಳದವನು ಪರಸ್ಥಳದವರ ಕಷ್ಟವನ್ನು ತನ್ನದೆಂದು ಬಗೆದುದೇ ಅವರ ಸಾರ್ವಜನಿಕ ಜೀವನಕ್ಕೆ ಅಡಿಗಲ್ಲಾಯಿತು. ಮುಂದೆ ಅವರು ಮುಂಬಯಿ ನಗರಸಭೆಗೂ ಸದಸ್ಯರಾಗಿ ಆರಿಸಿಬಂದರು.

ಆದರೂ ತೌರುನಾಡನ್ನು ಅವರು ಮರೆಯಲಿಲ್ಲ. ಗೇಣಿಯ ಭಾರದಿಂದ ಕುಗ್ಗಿದ್ದ ಇಲ್ಲಿಯ ರೈತರನ್ನು ಒಗ್ಗೂಡಿಸಿ ಹೋರಾಟಕ್ಕೆ ಮುಂದಾದರು. ಇದನ್ನು ಸಹಿಸದ ಸರಕಾರವು ೧೯೪೦ರಲ್ಲಿ ಅವರನ್ನು ಜಿಲ್ಲೆಯಿಂದ ಗಡಿಪಾರು ಮಾಡಿತು. ಪರಸ್ಥಳವು ಆಶ್ರಯವಿತ್ತವನಿಗೆ ಸ್ವಸ್ಥಳದ ಬಾಗಿಲು ಮುಚ್ಚಿತು! ಇದಕ್ಕಿಂತ ಹೆಚ್ಚಿನ ಪರೀಕ್ಷೆ ಯಾವುದು?

ಅವರು ಪ್ರತೀಕಾರವನ್ನು ಬಗೆಯದೆ ವಿದ್ಯಾದಾನಕ್ಕೆ ಕೈಹಾಕಿದರು. ೧೯೫೩ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿತವಾಗಿ, ಹಿಂದುಳಿದ ಹಳ್ಳಿಗಳ ಮಕ್ಕಳಿಗೂ ಶಾಲೆಗಳು ದೊರೆತವು. ೧೯೬೬ರಲ್ಲಿ, ಗೋಖಲೆಯವರ ಜನ್ಮಶತಾಬ್ದಿಯ ವರ್ಷದಲ್ಲಿ, ಅವರ ಹೆಸರಿನಿಂದಲೇ ಅಂಕೋಲೆಯಲ್ಲಿ ಕಾಲೇಜು ಪ್ರಾರಂಭವಾಯಿತು. ೧೯೫೬ರಲ್ಲಿ ಈ ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿಯಾಗಿತ್ತು. ೧೯೬೭ರ ಚುನಾವಣೆಯಲ್ಲಿ ಜನರು ದೇಸಾಯಿಯವರನ್ನು ಪಕ್ಷೇತರ ಅಭ್ಯರ್ಥಿಯಾಗಿ ಲೋಕಸಭೆಗೆ ಆರಿಸಿ ಕಳುಹಿಸಿದರು. ಯಾವ ಜಿಲ್ಲೆಯ ಗಡಿಯನ್ನು ದಾಟಬಾರದೆಂದು ಅಪ್ಪಣೆಯಾಗಿತ್ತೋ, ಆ ಜಿಲ್ಲೆಯ ಪ್ರತಿನಿಧಿಯಾಗಿಯೇ ಇಪ್ಪತ್ತೇಳು ವರ್ಷಗಳ ಮೇಲೆ ಅವರು ದಿಲ್ಲಿಗೆ ಹೋದರು.

ಚುಟಕಗಳ ಕವಿಯೆಂದು ಅವರನ್ನು ಕನ್ನಡಿಗರೆಲ್ಲರೂ ಬಲ್ಲರು. ೧೯೮೨ರಲ್ಲಿ ಅವರು ದಿವಂಗತರಾದರು. ಇಂದಿಗೂ ನಮ್ಮ ತರುಣರು ಬುತ್ತಿ ಕಟ್ಟಿಕೊಂಡು ದೂರದ ನಗರಗಳಿಗೆ ಹೋಗುತ್ತಿರುವರು. ಅಲ್ಲಿ ತಮಗೊಂದು ಸ್ಥಾನವನ್ನು ಬಯಸುವವರು, ಮೊದಲು ತಮ್ಮಂತೆಯೇ ಬಂದ ನಿರಾಶ್ರಿತನ ಪಕ್ಕದಲ್ಲಿ ಕುಳಿತುಕೊಳ್ಳಲಿ. ಸಭೆಯ ಆಸನವು ಆಮೇಲೆ ತಾನಾಗಿಯೇ ಬರುವುದು.