ಕ್ಷಮೆ ಪಡೆಯುವುದು, ಕ್ಷಮೆ ಕೊಡುವುದು: ಬೆಂಗಳೂರು ಕೂಡಿಸಿದ ಎರಡು ಎಳೆ

ತ್ಯಾಗರಾಜನಗರದ ಕಡೆಯ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಕುಟುಂಬಗಳಿಗೆ ಚಾಮರಾಜಪೇಟೆಯ ಸೇಂಟ್ ಲ್ಯೂಕ್ಸ್ ಹತ್ತಿರ. ಕನ್ನಡದ ಆರಾಧನೆಯೇ ಬೇಕೆಂದರೆ 1904ರ ಹಡ್ಸನ್ ದೇವಾಲಯವಿದೆ. ಎಲ್ಲಿಗೆ ಹೋದರೂ ಪವಿತ್ರ ಭೋಜನದ ಆರಾಧನೆಯಲ್ಲಿ, ಕಾಣಿಕೆ ಅರ್ಪಿಸುವ ಮುಂಚೆ, ಸಭಾಪಾಲಕರು ಜೊತೆಗೆ ನಿಂತವರಿಗೆ ಸಮಾಧಾನ ಕೊಡುತ್ತಾರೆ. ಅವರು ಸಾಲಿನ ತುದಿಯಲ್ಲಿರುವವರಿಗೆ ಕೊಡುತ್ತಾರೆ, ಅಲ್ಲಿಂದ ಅದು ಪಕ್ಕದವರಿಗೆ ಹೋಗುತ್ತದೆ. ಬಲ ಅಂಗೈಗೆ ಬಲ ಅಂಗೈ ಕೂಡಿಸಿ, ಇಬ್ಬರೂ ಎಡಗೈಯನ್ನು ಇನ್ನೊಬ್ಬರ ಬಲಗೈ ಮೇಲೆ ಮುಚ್ಚುವುದು ಕ್ರಮ. ಪಕ್ಕದಲ್ಲಿ ಕೂತವರು ವರ್ಷದಿಂದ ಮಾತು ಬಿಟ್ಟ ನಾದಿನಿಯೇ ಆದರೂ ಕೈ ಚಾಚಬೇಕು.

ಈ ಕ್ರಮ ಶುರುವಾದದ್ದು 1950ರಲ್ಲಿ. ಅದರ ಹಿಂದಿರುವ ಪ್ರಶ್ನೆ ಮಾತ್ರ ಬಹಳ ಹಳೆಯದು. ದೇವರಿಂದ ಕ್ಷಮೆ ಪಡೆಯುವುದಕ್ಕೂ ನೆರೆಯವರನ್ನು ಕ್ಷಮಿಸುವುದಕ್ಕೂ ಏನು ಸಂಬಂಧ? ಮತ್ತಾಯನ ಸುವಾರ್ತೆಯಲ್ಲಿ ಯೇಸು ಇವೆರಡನ್ನೂ ಬಿಡಿಸಲು ಬಾರದಂತೆ ಹೆಣೆದಿದ್ದಾನೆ. ಬಲಿಪೀಠದ ಮುಂದೆ ಕಾಣಿಕೆಯನ್ನು ಬಿಟ್ಟು ಮೊದಲು ಹೋಗಿ ರಾಜಿಯಾಗಬೇಕು ಎನ್ನುವುದು ಐದನೆಯ ಅಧ್ಯಾಯ. ಅಪಾರ ಸಾಲ ಮನ್ನಾ ಆದ ಆಳು ಚಿಲ್ಲರೆ ಸಾಲಕ್ಕಾಗಿ ಜೊತೆಗಾರನ ಕುತ್ತಿಗೆ ಹಿಡಿಯುವ ಸಾಮ್ಯ ಹದಿನೆಂಟನೆಯದು. ನಾಲ್ಕನೆಯ ಶತಮಾನದಲ್ಲಿ ಜೆರುಸಲೇಮಿನ ಸಿರಿಲ್ ಆರಾಧನೆಯ ಶಾಂತಿಚುಂಬನಕ್ಕೆ ಇದೇ ಅರ್ಥ ಹೇಳಿದ.

ಆಮೇಲೆ ಈ ಎರಡು ಎಳೆಗಳು ಬೇರೆಯಾದವು. ಆದಿಸಭೆಯಲ್ಲಿ ಘೋರ ಪಾಪಕ್ಕೆ ಎಲ್ಲರೆದುರು ಪ್ರಾಯಶ್ಚಿತ್ತವಿತ್ತು. ಐರ್ಲೆಂಡಿನ ಸನ್ಯಾಸಿಗಳು ಅದನ್ನು ಗುರುವಿನ ಕಿವಿಯಲ್ಲಿ ಹೇಳುವ ಗುಟ್ಟಿನ ನಿವೇದನೆಯಾಗಿ ಹರಡಿದರು. 1215ರ ಲ್ಯಾಟೆರನ್ ಮಹಾಸಭೆ ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಕಡ್ಡಾಯ ಎಂದಿತು. ಹದಿನಾರನೆಯ ಶತಮಾನದಲ್ಲಿ ಮಿಲಾನಿನ ಚಾರ್ಲ್ಸ್ ಬೊರೊಮಿಯೊ ಜಾಲರಿಯಿರುವ ಮರದ ಗೂಡನ್ನು ರೂಢಿಗೆ ತಂದ. ಅತ್ತ ಲೂಥರ್ 1517ರಲ್ಲಿ ಬಾಳೆಲ್ಲವೂ ಪಶ್ಚಾತ್ತಾಪವಾಗಬೇಕು ಎಂದ. ಅವನ ಹಾದಿ ಹಿಡಿದವರಲ್ಲಿ ಕ್ಷಮೆ ಬರುಬರುತ್ತಾ ಭಕ್ತನಿಗೂ ದೇವರಿಗೂ ನಡುವಿನ ಮಾತಾಯಿತು. ಎರಡು ಕಡೆಯೂ ನೆರೆಯವನು ಹೊರಗುಳಿದ. ಇದು ದೊಡ್ಡ ನಷ್ಟ ಎಂದೇ ನನ್ನ ಅಭಿಪ್ರಾಯ.

ಆ ನಷ್ಟವನ್ನು ತುಂಬಿಕೊಳ್ಳುವ ಕೆಲಸದಲ್ಲಿ ದಕ್ಷಿಣ ಭಾರತ ಮುಂದಿತ್ತು. 1947ರಲ್ಲಿ ಹುಟ್ಟಿದ ಸಿಎಸ್‌ಐ, ಮೂರೇ ವರ್ಷದಲ್ಲಿ ತನ್ನ ಹೊಸ ಆರಾಧನಾಕ್ರಮದೊಳಗೆ ಕೇರಳದ ಸುರಿಯಾನಿ ಸಭೆಗಳು ಉಳಿಸಿಕೊಂಡಿದ್ದ ಕೈಯಿಂದ ಕೈಗೆ ಸಮಾಧಾನ ಕೊಡುವ ಪದ್ಧತಿಯನ್ನು ಸೇರಿಸಿತು. ಪಾಪದರಿಕೆ ಆದಮೇಲೆ ಇದು ಬರುತ್ತದೆ: ದೇವರಿಂದ ಪಡೆದದ್ದನ್ನು ಪಕ್ಕದವರಿಗೆ ದಾಟಿಸದೆ ಭೋಜನಕ್ಕೆ ಹೋಗುವಂತಿಲ್ಲ. ಆಮೇಲೆ ಪಶ್ಚಿಮದ ಅನೇಕ ಸಭೆಗಳು ಇದೇ ದಾರಿ ಹಿಡಿದವು.

ಕಥೋಲಿಕರಲ್ಲಿ ಈ ಕೆಲಸ ನಡೆದದ್ದು ಬೆಂಗಳೂರಿನಲ್ಲೇ. ಹಚಿನ್ಸ್ ರಸ್ತೆಯ ಎನ್‌ಬಿಸಿಎಲ್‌ಸಿ (ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ಆರಾಧನಾ) ಕೇಂದ್ರವನ್ನು 1967ರಲ್ಲಿ ಕಟ್ಟಿದ ಫಾದರ್ ಡಿ.ಎಸ್. ಅಮಲೋರ್ಪವದಾಸ್, ಪೂಜೆ ನಮ್ಮ ನೆಲದ ಮೈಭಾಷೆಯಲ್ಲಿ ನಡೆಯಬೇಕೆಂದು ದುಡಿದವರು. 1969ರ ಏಪ್ರಿಲ್ 25ರಂದು ಭಾರತದ ಪೂಜೆಗಾಗಿ ರೋಮ್ ಒಪ್ಪಿದ ಹನ್ನೆರಡು ಅಂಶಗಳಲ್ಲಿ ಎರಡು ನಮ್ಮ ವಿಷಯಕ್ಕೆ ಸೇರಿದವು. ಒಂದು, ಪಶ್ಚಾತ್ತಾಪದ ವಿಧಿಯಲ್ಲಿ ಮೊಣಕಾಲೂರಿ, ಎರಡು ಕೈ ಮತ್ತು ಹಣೆಯನ್ನು ನೆಲಕ್ಕೆ ತಾಗಿಸುವ ಪಂಚಾಂಗ ಪ್ರಣಾಮ. ಇನ್ನೊಂದು, ಶಾಂತಿ ಹಂಚಿಕೊಳ್ಳುವಾಗ ಕೈಮುಗಿಯುವುದು ಅಥವಾ ಕೊಡುವವರು ತಮ್ಮ ಕೈಗಳನ್ನು ಪಡೆಯುವವರ ಕೈಗಳ ನಡುವೆ ಇಡುವುದು. ಸಿಎಸ್‌ಐ ಕ್ರಮಕ್ಕೂ ಇದಕ್ಕೂ ಎಷ್ಟು ಹತ್ತಿರ! ರೋಮಿನ 1973ರ ಹೊಸ ವಿಧಿ ಪಾಪನಿವೇದನೆಯಲ್ಲಿ ಸಭೆಯೊಂದಿಗಿನ ಸಂಧಾನಕ್ಕೂ ಒತ್ತು ಕೊಟ್ಟಿತು.

ಮನಶ್ಶಾಸ್ತ್ರವೂ ಈಚೆಗೆ ಕ್ಷಮೆಯ ವಿಷಯಕ್ಕೆ ಬಂದಿದೆ. ತಾಯಿಯ ಕೊಲೆಯ ನೋವುಂಡ ಮನಶ್ಶಾಸ್ತ್ರಜ್ಞ ಎವರೆಟ್ ವರ್ದಿಂಗ್‌ಟನ್ ರೂಪಿಸಿದ ಕ್ಷಮೆಯ ಅಭ್ಯಾಸಪುಸ್ತಕದ ಪರೀಕ್ಷೆಯೊಂದು ಐದು ದೇಶಗಳ 4,598 ಜನರ ಮೇಲೆ ನಡೆದು 2024ರಲ್ಲಿ ಪ್ರಕಟವಾಯಿತು. ಕ್ಷಮಿಸಲು ಕಲಿತವರಲ್ಲಿ ಆತಂಕ, ಖಿನ್ನತೆ ಕಡಿಮೆಯಾದವು. ನೊಂದವರಿಗೆ ಇದು ನಿಜವಾದ ಸಹಾಯ. ಆದರೆ ನೋಯಿಸಿದವರು ಏನು ಮಾಡಬೇಕು ಎಂಬುದು ಆ ಪುಸ್ತಕದ ವಿಷಯವಲ್ಲ.

ಆ ಪ್ರಶ್ನೆಗೆ ಹತ್ತಿರದ ದನಿ ಎದ್ದದ್ದೂ ಬೆಂಗಳೂರಿನಲ್ಲಿ. 1981ರಲ್ಲಿ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ಪಿ. ನಿರ್ಮಲ್ ಮಾಡಿದ ಭಾಷಣದಿಂದ ದಲಿತ ದೇವಶಾಸ್ತ್ರ ಮೊಳೆಯಿತು. ನೊಂದವರ ನೋವಿನಿಂದಲೇ ಆಲೋಚನೆ ಶುರುವಾಗಬೇಕು ಎಂದಮೇಲೆ, ಅವರಿಗೆ ಮೊದಲು ಕ್ಷಮಿಸಿಬಿಡಿ ಎಂದು ಬೋಧಿಸುವುದು ಕಷ್ಟವಾಯಿತು. 1999ರಲ್ಲಿ ಒಡಿಶಾದ ಮನೋಹರಪುರದಲ್ಲಿ ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಕಳೆದುಕೊಂಡ ಗ್ಲಾಡಿಸ್ ಸ್ಟೇನ್ಸ್ ಕೊಂದವರನ್ನು ಕ್ಷಮಿಸಿದರು. ಮೊಕದ್ದಮೆ ಅದರ ಪಾಡಿಗೆ ಸುಪ್ರೀಂ ಕೋರ್ಟಿನವರೆಗೂ ನಡೆಯಿತು. ಕ್ಷಮೆ ಅವರು ತಾವಾಗಿ ಕೊಟ್ಟದ್ದು, ಯಾರೂ ಅವರಿಂದ ವಸೂಲಿ ಮಾಡಿದ್ದಲ್ಲ. 2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನ ಚರ್ಚುಗಳ ಮೇಲೆ ದಾಳಿಯಾದಾಗಲೂ ಪ್ರಾರ್ಥನೆಯ ಜೊತೆಗೆ ನ್ಯಾಯದ ಬೇಡಿಕೆ ಇತ್ತು, ಇರಲೇಬೇಕಿತ್ತು.

ಕ್ಷಮೆ ಕೇಳುವ ಸರದಿ ಸಭೆಗೂ ಬಂದಿದೆ. 2000ದ ಮಾರ್ಚ್ 12ರಂದು ಎರಡನೆಯ ಜಾನ್ ಪಾಲ್ ಪೋಪರು ಸಭೆಯ ಮಕ್ಕಳ ಪಾಪಗಳಿಗಾಗಿ ಬಹಿರಂಗವಾಗಿ ಕ್ಷಮೆ ಬೇಡಿದರು. 2016ರಲ್ಲಿ ಭಾರತದ ಕಥೋಲಿಕ ಧರ್ಮಾಧ್ಯಕ್ಷರು ದಲಿತ ಸಬಲೀಕರಣ ನೀತಿ ಹೊರಡಿಸಿ, ಸಭೆಯ ಒಳಗೇ ಜಾತಿತಾರತಮ್ಯ ಇದೆ ಎಂದು ಒಪ್ಪಿಕೊಂಡರು. ಆ ಒಪ್ಪಿಗೆ ಇನ್ನು ಭಾನುವಾರದ ಕನ್ನಡ ಪಾಪದರಿಕೆಯೊಳಗೆ ಮಾತಾಗಿ ಬರಬೇಕು, ಸಮಾಧಾನಕ್ಕೆ ಕೈ ಚಾಚುವ ಮೊದಲೇ.